ಅತ್ತೆಯ ಅರಿಷ್ಟಕ್ಕೆ ಒಂದು ಚಿಟಿಕೆ ಪುಡಿ

ನಮ್ಮ ಮನೆಯಲ್ಲಿ ಯಾವುದನ್ನೂ ಸ್ವಲ್ಪ ಮಾಡುವ ಅಭ್ಯಾಸವಿಲ್ಲ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ಮನೆಗೆ ಬಂದವರಿಗೆ ‘ಆ ಮೆಟ್ಟಿಲು ಸ್ವಲ್ಪ ಎತ್ತರ, ನೋಡಿಕೊಂಡು ಇಳಿಯಿರಿ’ ಎನ್ನುತ್ತೇವಲ್ಲ, ಹಾಗೆ ಮೊದಲೇ ತಿಳಿಸಿಬಿಡುತ್ತಿದ್ದೇನೆ. ಅರಸೀಕೆರೆಯಲ್ಲಿ ನಮ್ಮದು ಕೊಬ್ಬರಿ ವ್ಯಾಪಾರದ ಮನೆ. ಕಾಯಿಯನ್ನು ಸಾವಿರದ ಲೆಕ್ಕದಲ್ಲಿ ಎಣಿಸಿ, ಕೊಬ್ಬರಿಯನ್ನು ಮೂಟೆಯ ಲೆಕ್ಕದಲ್ಲಿ ಹೊರಿಸಿ ಅಭ್ಯಾಸವಾದವರಿಗೆ ಕಾಲು ಕೆ.ಜಿ. ಬೆಂಡೆಕಾಯಿ ಕೊಳ್ಳುವಾಗ ನಾಚಿಕೆಯಾಗುತ್ತದಂತೆ. ನಮ್ಮ ಯಜಮಾನರು ಶಂಕರಣ್ಣನವರಿಗೆ ಕೊತ್ತಂಬರಿ ಸೊಪ್ಪು ತನ್ನಿ ಎಂದರೆ ಹಸುವಿಗೆ ಹಾಕುವಷ್ಟು ತರುತ್ತಾರೆ. ನಮ್ಮಲ್ಲಿ ಹಸು ಇಲ್ಲ. ಮನೆಯಲ್ಲಿರುವವರು ಅವರು, ನಾನು, ನಮ್ಮ ಅತ್ತೆ ಗೌರಮ್ಮ, ಮೂರೇ ಜನ. ನಾನು ಬೇಲೂರಿನ ಪ್ರೈಮರಿ ಶಾಲೆ ಮೇಷ್ಟರ ಮಗಳು. ನಮ್ಮಪ್ಪ ನಿಂಬೆಹಣ್ಣನ್ನು ಅರ್ಧ ಹಿಂಡಿಸಿ, ಉಳಿದರ್ಧವನ್ನು ನಾಳೆಗೆಂದು ಲೋಟದ ಕೆಳಗೆ ಬೋರಲು ಹಾಕಿಸುತ್ತಿದ್ದರು. ಅಂಥ ಮನೆಯಿಂದ ಇಂಥ ಮನೆಗೆ ಬಂದ ಮೇಲೆ ನನ್ನ ಅರ್ಧ ಆಯುಸ್ಸು ಮಿಕ್ಕಿದ್ದನ್ನು ಏನು ಮಾಡುವುದೆಂಬ ಚಿಂತೆಯಲ್ಲೇ ಕಳೆದಿದೆ.

ದ್ರಾಕ್ಷಿ ಬಂದದ್ದೂ ಹೀಗೆಯೇ. ಒಂದು ಸಂಜೆ ನಾನು ಶಾಲೆಯಿಂದ ಬರುವ ಹೊತ್ತಿಗೆ ಪಡಸಾಲೆಯ ತುಂಬ ಪ್ಲಾಸ್ಟಿಕ್ ಕ್ರೇಟುಗಳು, ಅವುಗಳ ತುಂಬ ಕಪ್ಪು ದ್ರಾಕ್ಷಿ. ಶಂಕರಣ್ಣನವರ ಮಂಡಿಯ ಮುಂದೆ ದ್ರಾಕ್ಷಿಯ ಲಾರಿಯೊಂದು ಕೆಟ್ಟು ನಿಂತಿತ್ತಂತೆ. ಡ್ರೈವರು ಪಾಪ, ಹಣ್ಣು ಕೊಳೆತು ಹೋಗುತ್ತದೆಂದು ಗೋಳಾಡುತ್ತಿದ್ದನಂತೆ. ‘ಅರ್ಧ ರೇಟಿಗೆ ಕೊಟ್ಟ ಕಣೇ ಪ್ರಭಾ, ಬ್ಯಾಡ ಅಂತ ಹೆಂಗೆ ಹೇಳ್ಲಿ’ ಎಂದರು. ಬೇಡ ಎಂಬುದು ಹೇಳಲು ಬಹಳ ಸುಲಭವಾದ ಮಾತು ಎಂದು ನಾನು ವಿವರಿಸಲು ಹೊರಟೆ. ಆಗಲೇ ಅವರು ಸ್ಕೂಟರ್ ಹತ್ತಿಯಾಗಿತ್ತು. ಬೀದಿಗೆಲ್ಲ ಹಂಚಿದೆ, ಶಾಲೆಗೆ ಒಯ್ದೆ, ಹಾಸನದಲ್ಲಿರುವ ಮಗಳಿಗೆ ಬಸ್ಸಿನಲ್ಲಿ ಕಳಿಸಿದೆ. ಆದರೂ ಮುಗಿಯಲಿಲ್ಲ.

ನಾನು ಹಳೇಬೀಡಿನ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ದಿನಾ ಅರಸೀಕೆರೆಯಿಂದ ಬಸ್ಸು. ಜಾವಗಲ್ಲಿನವರೆಗೆ ನಿಂತು, ಅಲ್ಲಿಂದಾಚೆ ಪುಣ್ಯವಿದ್ದರೆ ಕೂತು ಹೋಗುವ ಪ್ರಯಾಣ. ನಮ್ಮ ಶಾಲೆಯ ವಿಜ್ಞಾನದ ಟೀಚರು ಸಲೋಮಿ ಬೇಲೂರಿನವರು, ಕ್ರೈಸ್ತರು. ಪ್ರತಿ ವರ್ಷ ಕ್ರಿಸ್‌ಮಸ್‌ಗೆ ಮನೆಯಲ್ಲೇ ವೈನ್ ಮಾಡುತ್ತಾರೆ. ಕೇಕಿನ ಜೊತೆಗೆ ಮೂಗುತಿಯಷ್ಟು ನಮಗೂ ತಂದುಕೊಡುತ್ತಾರೆ. ನನ್ನ ದ್ರಾಕ್ಷಿಯ ಗೋಳು ಕೇಳಿ ಅವರೇ, ‘ವೈನ್ ಮಾಡ್ಬಿಡಿ ಮಿಸ್, ಏನ್ ಮಹಾ’ ಎಂದು ವಿಧಾನ ಹೇಳಿಕೊಟ್ಟರು. ಹಣ್ಣು ತೊಳೆದು ಒರೆಸಿ ಕಿವುಚಬೇಕು, ಸಕ್ಕರೆ, ಒಂದು ಹಿಡಿ ಗೋಧಿ, ಚಕ್ಕೆ ಲವಂಗ, ಸ್ವಲ್ಪ ಈಸ್ಟ್ ಹಾಕಬೇಕು, ಬಾಯಿಗೆ ಬಟ್ಟೆ ಕಟ್ಟಿ ಕತ್ತಲಲ್ಲಿಟ್ಟು ದಿನಾ ಮರದ ಸೌಟಿನಿಂದ ಕೈಯಾಡಿಸಬೇಕು. ಸಲೋಮಿ ಮಿಸ್ ಮಾಡುವುದು ಒಂದು ಸಣ್ಣ ಗಾಜಿನ ಜಾರಿನಲ್ಲಿ. ನಾನು ಇಳಿಸಿದ್ದು ನಮ್ಮ ಅಟ್ಟದ ಉಪ್ಪಿನಕಾಯಿ ಜಾಡಿಗಳನ್ನು. ಒಂದೊಂದೂ ನನ್ನ ಸೊಂಟದೆತ್ತರ ಬರುತ್ತದೆ.

ಇಲ್ಲಿ ನಮ್ಮ ಮನೆಯ ವಿಚಾರ ಸ್ವಲ್ಪ ಹೇಳಬೇಕು. ನಾವು ಲಿಂಗ ಕಟ್ಟಿಕೊಳ್ಳುವವರು. ಮನೆಯಲ್ಲಿ ಹೆಂಡ ಸಾರಾಯಿಯ ಹೆಸರನ್ನೂ ಎತ್ತುವುದಿಲ್ಲ. ಅತ್ತೆಗೆ ಎಂಬತ್ತು ದಾಟಿದೆ. ಸ್ನಾನವಾಗಿ, ಹಣೆಗೆ ವಿಭೂತಿ ಬಿದ್ದು, ಅಂಗೈಯಲ್ಲಿ ಲಿಂಗ ಹಿಡಿದು ಪೂಜೆ ಮುಗಿಯುವ ತನಕ ಒಂದು ಗುಟುಕು ನೀರೂ ಒಳಗೆ ಹೋಗಬಾರದು. ಇಂಥವರಿರುವ ಮನೆಯ ಉಗ್ರಾಣದಲ್ಲಿ ಕೂತು ಆ ಎರಡು ಜಾಡಿಗಳು ನಾಲ್ಕೇ ದಿನಕ್ಕೆ ಗುಳುಗುಳು ಸದ್ದು ಮಾಡತೊಡಗಿದವು. ಅತ್ತೆ ಬಾಗಿಲಲ್ಲಿ ನಿಂತು, ‘ಏನೇ ಅದು, ಒಳಗೆ ಏನೋ ಮಾತಾಡ್ದಂಗೈತೆ’ ಎಂದರು. ನನ್ನ ಬಾಯಿಗೆ ಆ ಕ್ಷಣ ಏನು ಹೊಳೆಯಿತೋ, ‘ಅರಿಷ್ಟ ಅತ್ತೆ, ದ್ರಾಕ್ಷಾರಿಷ್ಟ’ ಎಂದುಬಿಟ್ಟೆ. ಆಲೋಚಿಸಿ ನೋಡಿದರೆ ಅದು ಪೂರ್ತಿ ಸುಳ್ಳೂ ಅಲ್ಲ. ಪಂಡಿತರು ಮಾರುವ ಅರಿಷ್ಟವೂ ದ್ರಾಕ್ಷಿಯನ್ನು ಹೀಗೇ ಕೊಳೆಹಾಕಿ ಮಾಡಿದ್ದು. ಸೀಸೆಯ ಮೇಲೆ ಚೀಟಿ ಇದ್ದರೆ ಔಷಧಿ, ಇಲ್ಲದಿದ್ದರೆ ಪಾಪ. ನಾನು ಬಾಯಲ್ಲೇ ಚೀಟಿ ಅಂಟಿಸಿದೆ, ಅಷ್ಟೆ. ‘ಹಂಗಾರೆ ನಂಗೂ ಒಂದೀಟು ಕೊಡು, ಹೊಟ್ಟೆ ಹಸಿಯಾಕಿಲ್ಲ’ ಎಂದರು ಅತ್ತೆ. ಶಂಕರಣ್ಣನವರಿಗೂ ಅರಿಷ್ಟವೆಂದೇ ಹೇಳಿದೆ. ಅವರಿಗೆ ಔಷಧಿ ಎಂದರೆ ಆಗದು, ಮೂಸಿಯೂ ನೋಡಲಿಲ್ಲ.

ನನಗೂ ಅತ್ತೆಗೂ ಸಂಬಂಧ ಹೇಗಿತ್ತೆಂದು ಕೇಳಿದರೆ ಚೆನ್ನಾಗಿತ್ತು ಎಂದೇ ಹೇಳಬೇಕು. ಜಗಳವಾಡಿದವರಲ್ಲ. ಆದರೆ ಅವರು ಮಾತಿನಲ್ಲಿ ಮಹಾ ಜಿಪುಣರು. ಬೇರೆಲ್ಲವನ್ನೂ ಹೊರೆಗಟ್ಟಲೆ ತರುವ ಮನೆಯಲ್ಲಿ ಮಾತಿಗೆ ಮಾತ್ರ ಇಂಥ ಬರವೇಕೆಂದು ನನಗೆ ಯಾವತ್ತೂ ಆಶ್ಚರ್ಯ. ನಾನು ಸಂಜೆ ಬಂದವಳೇ ಶಾಲೆಯ ಸುದ್ದಿ, ಬಸ್ಸಿನಲ್ಲಿ ಸೀಟಿಗಾದ ಜಗಳ, ಹೆಡ್‌ಮಾಸ್ಟರ ಹೊಸ ಸುತ್ತೋಲೆ, ಬಾಣಾವರದಲ್ಲಿ ಹತ್ತಿದ ಮದುವೆ ದಿಬ್ಬಣ, ಎಲ್ಲವನ್ನೂ ಅಡಿಗೆ ಮಾಡುತ್ತ ಮಾಡುತ್ತ ಅವರಿಗೆ ಒಪ್ಪಿಸುತ್ತಿದ್ದೆ. ಪಾಪ, ಒಂಟಿಯಾಗಿ ಕೂತಿರುತ್ತಾರೆ, ನಾಲ್ಕು ಮಾತು ಕೇಳಲಿ ಎಂದು. ಅವರು ‘ಹೂಂ’ ಎನ್ನುತ್ತಿದ್ದರು. ಮತ್ತೊಮ್ಮೆ ‘ಹೂಂ’ ಎನ್ನುತ್ತಿದ್ದರು. ಆಮೇಲೆ ಎದ್ದು ತಮ್ಮ ಕೋಣೆಗೆ ಹೋಗುತ್ತಿದ್ದರು. ಎಷ್ಟು ಮಾತಾಡಿಸಿದರೂ ಬಾಯಿ ಬಿಡದ ಇಂಥವರ ಜೊತೆ ಇಷ್ಟು ವರ್ಷ ಬಾಳಿದೆನಲ್ಲ ಎಂದು ನನ್ನ ಬಗ್ಗೆ ನನಗೇ ಮರುಕ ಹುಟ್ಟುತ್ತಿತ್ತು.

ಅರಿಷ್ಟ ಸೋಸಿದ ಮೇಲೆ ಎಲ್ಲವೂ ಬದಲಾಯಿತು. ಸಂಜೆ ದೀಪ ಹಚ್ಚಿದ ಮೇಲೆ ಹಿತ್ತಲ ಜಗಲಿಯಲ್ಲಿ ಇಬ್ಬರೂ ಕೂರುವುದು, ಎರಡು ಸ್ಟೀಲ್ ಲೋಟ, ಅವರಿಗೆ ಕಾಲು ಲೋಟ, ನನಗೆ ಕಾಲು ಲೋಟ. ಔಷಧಿಯೆಂದ ಮೇಲೆ ನಿಂತು ಕುಡಿಯಬಾರದು, ಕೂತು ನಿಧಾನವಾಗಿ ಕುಡಿಯಬೇಕು ಎಂದು ನಾನೇ ಶಾಸ್ತ್ರ ಮಾಡಿದ್ದೆ. ಎರಡು ಗುಟುಕು ಇಳಿದರೆ ನನಗೆ ರೆಪ್ಪೆ ಭಾರವಾಗಿ, ಗೋಡೆಗೆ ಒರಗಿ ಕಾಲು ಚಾಚಿಬಿಡುತ್ತಿದ್ದೆ. ಅತ್ತೆಗೋ, ಬಾಯಿ ಬಿಚ್ಚುತ್ತಿತ್ತು. ಮೊದಲ ದಿನ ತಮ್ಮ ತವರು ಮಾದಿಹಳ್ಳಿಯ ವಿಷಯ ಒಂದೆರಡು ಮಾತು. ಆಮೇಲಾಮೇಲೆ ತಡೆಯೇ ಇಲ್ಲ. ಚಿಕ್ಕಂದಿನಲ್ಲಿ ಅಪ್ಪನ ಗಾಡಿಯಲ್ಲಿ ಹಳೇಬೀಡಿಗೆ ಹೋಗುತ್ತಿದ್ದುದು, ಅಪ್ಪ ವ್ಯಾಪಾರ ಮುಗಿಸುವ ತನಕ ಇವರು ದೇವಸ್ಥಾನದ ಜಗತಿಯ ಮೇಲೆ ಕೂರುತ್ತಿದ್ದುದು. ಅಲ್ಲಿ ಗೋಡೆಯ ಮೂಲೆಯಲ್ಲಿ ಮೂಗು ಮುರಿದ ಒಬ್ಬ ಕಲ್ಲಿನ ಹೆಂಗಸು ಇದ್ದಾಳಂತೆ. ಅವಳಿಗೆ ಸಿದ್ದವ್ವ ಎಂದು ಹೆಸರಿಟ್ಟು ಮನೆಯ ಕಷ್ಟಸುಖವೆಲ್ಲ ಹೇಳಿಕೊಳ್ಳುತ್ತಿದ್ದರಂತೆ. ‘ಅಡ್ಡ ಬಾಯಿ ಹಾಕ್ದೆ ಕೇಳ್ತಿದ್ಲು’ ಎಂದು ಹೊಗಳಿದರು. ನಾನು ದಿನಾ ಹೋಗುವ ಊರು ಅದು. ಶಾಲಾ ಮಕ್ಕಳಿಗೆ ಆ ದೇವಸ್ಥಾನ ತೋರಿಸಿಕೊಂಡು ಎಷ್ಟೋ ಸಲ ಗಂಟಲು ಹರಿದುಕೊಂಡಿದ್ದೇನೆ. ಸಿದ್ದವ್ವ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಒಂದು ಸಂಜೆ ಹೇಳಿದ್ದನ್ನು ಮಾತ್ರ ನಾನು ಯಾವತ್ತೂ ಮರೆಯುವುದಿಲ್ಲ. ಮದುವೆಯಾದ ಹೊಸತರಲ್ಲಿ ನನಗೆ ಕೆಲಸದ ಆರ್ಡರು ಬಂದಾಗ ಅತ್ತೆ ಬೇಡವೇ ಬೇಡ ಎಂದು ಪಟ್ಟು ಹಿಡಿದಿದ್ದರು. ಕೊಬ್ಬರಿ ಮನೆಯ ಸೊಸೆ ಬಸ್ ಹತ್ತುವುದೆಂದರೇನು ಎಂದಿದ್ದರು. ಆ ಮುಳ್ಳು ನನ್ನೊಳಗೆ ಹಾಗೇ ಇತ್ತು. ಆ ಸಂಜೆ ಅತ್ತೆ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ‘ನೀನು ಸೀರೆ ಸೆರಗು ಸರಿ ಮಾಡ್ಕಂಡು ಬಸ್ಸಿಗೆ ಹೋಗ್ತಿದ್ದೆಯಲ್ಲ, ನಾನು ಅಟ್ಟದ ಕಿಟಕೀಲಿ ನಿಂತು ನೋಡ್ತಿದ್ದೆ. ಹೊಟ್ಟೆ ಉರೀತಿತ್ತು ಕಣೇ. ನಂಗೂ ಓದೋ ಆಸೆ ಇತ್ತು. ನಾಕ್ನೇ ಕ್ಲಾಸಿಗೇ ಬಿಡ್ಸಿದ್ರು’ ಎಂದರು. ಅರಿಷ್ಟದ ಮಂಪರಿನಲ್ಲಿ ನನಗೆ ನಾಲಗೆ ಏಳಲಿಲ್ಲ. ಕೈ ಚಾಚಿ ಅವರ ಮೊಣಕಾಲ ಮೇಲಿಟ್ಟೆ, ಅವರು ಅದನ್ನು ಸರಿಸಲಿಲ್ಲ. ನನ್ನ ತಾಯಿ ಹೋದ ಮೇಲೆ ನನಗೆ ಅಷ್ಟು ಹತ್ತಿರವಾಗಿ ಯಾರೂ ಕೂತಿರಲಿಲ್ಲ. ಆವತ್ತು ಒಳಗೆ ಹೋಗಿ ಜಾಡಿಯ ಬಟ್ಟೆಯನ್ನು ಇನ್ನೊಂದು ಸುತ್ತು ಬಿಗಿಯಾಗಿ ಕಟ್ಟಿದೆ, ಬಂಗಾರದ ಪೆಟ್ಟಿಗೆಗೆ ಬೀಗ ಹಾಕಿದಂತೆ.

ಆದ್ದರಿಂದ ಅರಿಷ್ಟ ಹುಳಿಯಾಗತೊಡಗಿದಾಗ ನನಗಾದ ಗಾಬರಿ ನಿಮಗೆ ಅರ್ಥವಾಗಬೇಕು. ದೊಡ್ಡ ಜಾಡಿ, ದಿನಾ ಬಾಯಿ ತೆರೆಯುವುದು, ಒಳಗೆ ಗಾಳಿ. ಒಂದು ಜಾಡಿಯಂತೂ ಪೂರ್ತಿ ಕೈಬಿಟ್ಟಿತ್ತು. ಮೂಸಿದರೆ ಕಣ್ಣಲ್ಲಿ ನೀರು. ಇನ್ನೊಂದರಲ್ಲಿ ಈಗಷ್ಟೇ ಚುರುಕು ಸುರುವಾಗಿತ್ತು. ಅದೂ ಹೋದರೆ ಸಂಜೆಯ ಜಗಲಿಯೂ ಹೋಯಿತು, ಅತ್ತೆ ಮತ್ತೆ ‘ಹೂಂ’ ಎಂದು ಎದ್ದು ಹೋಗುವ ಅತ್ತೆಯೇ ಆಗುತ್ತಾರೆ ಎಂದು ನನಗೆ ಖಾತ್ರಿಯಾಯಿತು. ಮಾರನೆಯ ದಿನ ಸ್ಟಾಫ್ ರೂಮಿನಲ್ಲಿ ಸಲೋಮಿ ಮಿಸ್ಸನ್ನು ಪಕ್ಕಕ್ಕೆ ಕರೆದೆ. ‘ಅಷ್ಟು ದಿನ ಯಾಕೆ ಇಟ್ರಿ ಮಿಸ್, ನಮ್ಮದು ಹೊಸ ವರ್ಷಕ್ಕೇ ಖಾಲಿ’ ಎಂದರು. ಆಮೇಲೆ, ಕೆಡದಂತೆ ಹಾಕುವ ಪುಡಿಯೊಂದಿದೆ, ಸಲ್ಫೈಟ್ ಎನ್ನುತ್ತಾರೆ, ಹಣ್ಣಿನ ಸ್ಕ್ವಾಷ್ ಮಾಡುವವರೂ ಹಾಕುತ್ತಾರೆ, ಹುಳಿಯಾದದ್ದು ಸರಿಹೋಗುವುದಿಲ್ಲ, ಮುಂದೆ ಹುಳಿಯಾಗುವುದು ನಿಲ್ಲುತ್ತದೆ ಎಂದು ತಿಳಿಸಿದರು. ನನಗೆ ಅಷ್ಟೇ ಬೇಕಿತ್ತು. ಕೊನೆಗೆ ಕೇಳಿದರು: ‘ಮನೇಲಿ ಯಾರ್ಯಾರು ಕುಡೀತೀರಿ?’

ಲಿಂಗ ಕಟ್ಟಿದ, ಮಠದ ಗುರುಗಳು ಬಂದರೆ ಮೊದಲು ಹೆಸರು ಹಿಡಿದು ಕರೆಯುವ ಹಿರಿಯ ಹೆಂಗಸು ಸಂಜೆ ಹೊತ್ತು ವೈನ್ ಕುಡಿಯುತ್ತಾರೆ ಎಂದು ಸ್ಟಾಫ್ ರೂಮಿನಲ್ಲಿ ನಿಂತು ಹೇಗೆ ಹೇಳಲಿ? ಅತ್ತೆಯ ಮರ್ಯಾದೆ ಉಳಿಸಬೇಕಾದದ್ದು ಸೊಸೆಯ ಧರ್ಮವಲ್ಲವೇ? ‘ನಾನೊಬ್ಬಳೇ’ ಎಂದೆ. ಸಲೋಮಿ ಮಿಸ್ಸಿಗೆ ನಮ್ಮ ಜಾಡಿಯ ಅಳತೆ ಗೊತ್ತಿತ್ತು. ‘ಅಷ್ಟನ್ನೂ ನೀವೊಬ್ರೇನಾ ಮಿಸ್?’ ಎಂದು ದನಿ ತಗ್ಗಿಸಿದರು. ಹೌದು ಎಂದೆ. ‘ಏನಾದ್ರೂ ಕಷ್ಟ ಇದ್ರೆ ಹೇಳ್ಕೊಳ್ಳಿ, ಒಳಗೇ ಇಟ್ಕೋಬೇಡಿ. ನಾನು ಪ್ರಾರ್ಥನೆ ಮಾಡ್ತೀನಿ’ ಎಂದು ನನ್ನ ಕೈ ಹಿಡಿದು ಅದುಮಿದರು. ಅಲ್ಲಿಂದ ಮುಂದೆ ವಾರವಿಡೀ ನನ್ನ ಕೊನೆಯ ಪೀರಿಯಡ್ಡನ್ನು ತಾವೇ ತೆಗೆದುಕೊಂಡರು. ನನಗೆ ವಿಶ್ರಾಂತಿ ಬೇಕೆಂದು. ಒಂದು ಸಣ್ಣ ಪೊಟ್ಟಣದಲ್ಲಿ ಪುಡಿಯನ್ನೂ ತಂದುಕೊಟ್ಟು, ‘ನಿಮ್ಮ ಜಾಡಿಗೆ ಕಾಲು ಚಮಚ ಧಾರಾಳ ಆಯ್ತು, ಜಾಸ್ತಿ ಬೇಡ’ ಎಂದರು.

ಬಿಳೀ ಪುಡಿ, ಸಕ್ಕರೆ ಪುಡಿಯ ಹಾಗೆ. ಪೊಟ್ಟಣ ಬಿಚ್ಚಿದರೆ ಬೆಂಕಿಕಡ್ಡಿ ಗೀರಿದ ಘಾಟು. ಕಾಲು ಚಮಚ ತೆಗೆದು ಜಾಡಿಯ ಬಾಯಿಯ ಮೇಲೆ ಹಿಡಿದೆ. ಅಷ್ಟು ದೊಡ್ಡ ಜಾಡಿಯ ಮುಂದೆ ಆ ಚಮಚ ನೋಡಿ ನನಗೆ ನಗು ಬಂತು. ಎರಡು ಕ್ರೇಟು ದ್ರಾಕ್ಷಿಯ ರಸ ಇದರಿಂದ ಉಳಿಯುವುದೇ? ಒಂದು ಊರಿಗೆ ಒಬ್ಬ ಪೊಲೀಸನನ್ನು ಹಾಕಿದಂತಾಯಿತು ಎನ್ನಿಸಿತು. ಪೊಟ್ಟಣವನ್ನೇ ಬಗ್ಗಿಸಿದೆ. ಅರ್ಧ ನಿಂಬೆಹಣ್ಣಿನ ಮನೆಯ ಮಗಳು ಆವತ್ತು ಸಂಪೂರ್ಣವಾಗಿ ಕೊಬ್ಬರಿ ಮನೆಯ ಸೊಸೆಯಾದೆ. ಚೆನ್ನಾಗಿ ಕೈಯಾಡಿಸಿ, ಬಟ್ಟೆ ಕಟ್ಟಿ, ಇನ್ನು ಯುಗಾದಿಯವರೆಗೆ ಚಿಂತೆಯಿಲ್ಲವೆಂದು ನೆಮ್ಮದಿಯಿಂದ ಕೈ ತೊಳೆದೆ.

ಆವತ್ತಿನ ಸಂಜೆ ಅತ್ತೆ ಮೊದಲ ಗುಟುಕು ಕುಡಿದು ಲೋಟದೊಳಗೆ ನೋಡಿದರು. ಆಮೇಲೆ ನನ್ನ ಕಡೆ ನೋಡಿದರು. ಏನತ್ತೆ ಎಂದರೆ, ‘ಏನಿಲ್ಲ’ ಎಂದು ಪೂರ್ತಿ ಕುಡಿದರು. ಮಾತು ಶುರುವಾಯಿತು, ಆದರೆ ನಡುನಡುವೆ ಕೆಮ್ಮು. ಅತ್ತೆಗೆ ಉಬ್ಬಸ ಮೊದಲಿಂದಲೂ ಇದೆ. ಕೊಬ್ಬರಿಯ ಧೂಳಿನಲ್ಲೇ ಆಯುಸ್ಸು ಕಳೆದವರು. ಚಳಿಗಾಲ ಬಂದರೆ ಎದೆಯಲ್ಲಿ ಸೀಟಿ ಕೇಳಿಸುತ್ತದೆ. ಇದೂ ಅದೇ ಎಂದುಕೊಂಡು ಬೆನ್ನು ನೀವಿದೆ. ಉಬ್ಬಸದ ಪಂಪು ಎಳೆಸಿದೆ. ಬೆಳಿಗ್ಗೆ ಶಂಕರಣ್ಣನವರೇ ನಮ್ಮ ಬೀದಿ ಕೊನೆಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು, ಜೊತೆಗೆ ನಾನೂ. ಹೊಸದಾಗಿ ಏನಾದರೂ ತಿಂದರೇ ಎಂದು ಡಾಕ್ಟರು ಕೇಳಿದ್ದಕ್ಕೆ ನಮ್ಮವರು, ‘ಹೊಸದೇನಿಲ್ಲ ಡಾಕ್ಟ್ರೇ, ಮನೇಲೇ ಮಾಡಿದ ದ್ರಾಕ್ಷಾರಿಷ್ಟ, ಅಷ್ಟೇಯ’ ಎಂದರು. ‘ಒಳ್ಳೇದೇ ಅದು. ಹಸಿವೂ ಆಗುತ್ತೆ, ಕೊಡ್ತಾ ಇರಿ. ಇದು ಚಳಿಗೆ ಬಂದಿರೋದು’ ಎಂದು ಡಾಕ್ಟರು ಮಾತ್ರೆ ಬರೆದರು. ನಾನು ಪಕ್ಕದಲ್ಲೇ ನಿಂತಿದ್ದೆ. ಸುಮ್ಮನಿದ್ದೆ. ಕೆಟ್ಟ ಬುದ್ಧಿಯಿಂದಲ್ಲ. ಇಷ್ಟು ದಿನ ಕುಡಿದು ಏನೂ ಆಗದ್ದು ಇವತ್ತು ಯಾಕಾದೀತು ಎಂಬುದು ನನ್ನ ತರ್ಕ. ಪುಡಿಯ ನೆನಪೇ ಬರಲಿಲ್ಲ. ಅದನ್ನು ನಾನು ಹಾಕಿದ್ದು ಜಾಡಿಗೆ, ಅತ್ತೆಗಲ್ಲ.

ಡಾಕ್ಟರೇ ಕೊಡಿ ಎಂದ ಮೇಲೆ ಕೇಳಬೇಕೇ? ಆ ಸಂಜೆ ಕಾಲು ಲೋಟಕ್ಕೆ ಇನ್ನೂ ಒಂದು ಗುಟುಕು ಸೇರಿಸಿಯೇ ಕೊಟ್ಟೆ. ಅತ್ತೆ ಮತ್ತೆ ಲೋಟದೊಳಗೆ ನೋಡಿದರು, ಮತ್ತೆ ಕುಡಿದರು. ತಮ್ಮ ಬಾಣಂತನದ ಯಾವುದೋ ಕಥೆ ತೆಗೆದು ಮಧ್ಯದಲ್ಲಿ ನಿಂತರು. ಕತ್ತಿನ ನರ ಎದ್ದಿತ್ತು, ಭುಜ ಮೇಲಕ್ಕೆ ಹೋಗಿತ್ತು. ಉಸಿರು ಒಳಗೆ ಹೋಗುತ್ತಿರುವ ಸದ್ದು ಮಾತ್ರ ಇತ್ತು, ಹೋಗುತ್ತಿರಲಿಲ್ಲ. ತುಟಿ ನೀಲಿಯಾದದ್ದು ನೋಡಿ ಯಜಮಾನರನ್ನು ಕೂಗಿದೆ. ಶಂಕರಣ್ಣನವರು ಮಂಡಿಯ ಗೂಡ್ಸ್ ಆಟೋವನ್ನೇ ಬಾಗಿಲಿಗೆ ತಂದು ನಿಲ್ಲಿಸಿದರು. ಅತ್ತೆಯನ್ನು ಕೊಬ್ಬರಿ ಮೂಟೆಯ ಮೇಲೆ ಒರಗಿಸಿ, ತಲೆಯನ್ನು ನನ್ನ ಎದೆಗೆ ಆನಿಸಿಕೊಂಡು ಕೂತೆ. ಅವರ ಎದೆಯ ಮೇಲಿನ ಲಿಂಗದ ಕರಡಿಗೆ ನನ್ನ ಕೈಗೆ ತಗಲುತ್ತಿತ್ತು. ಇವರು ಹೋಗಿಬಿಟ್ಟರೆ ನಾನು ಬದುಕಿದ್ದು ಏನು ಪ್ರಯೋಜನ ಎಂದುಕೊಂಡೆ. ಅತ್ತೆಯ ವಿಷಯದಲ್ಲಿ ನಾನು ಹಾಗೆ ಅಂದುಕೊಳ್ಳುವ ದಿನ ಬರುತ್ತದೆಂದು ಹಿಂದೆ ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ.

ಡಾಕ್ಟರ ಶಾಪಿನಲ್ಲಿ ಮೂಗಿಗೆ ಹಬೆಯ ಮಾಸ್ಕ್ ಹಾಕಿದರು. ನಾನು ಹೊರಗಿನ ಜಗಲಿಗೆ ಬಂದು ಸಲೋಮಿ ಮಿಸ್ಸಿಗೆ ಫೋನ್ ಮಾಡಿದೆ. ಯಾಕೆ ಮಾಡಿದೆನೋ, ದೇವರೇ ಮಾಡಿಸಿರಬೇಕು. ಆ ಪುಡಿಯಿಂದ ಉಸಿರು ಕಟ್ಟುತ್ತದೆಯೇ ಎಂದು ಕೇಳಿದೆ. ‘ಅಸ್ತಮಾ ಇರೋರಿಗೆ ಕಟ್ಟುತ್ತೆ ಮಿಸ್, ಅವರಿಗೆ ಕೊಡಲೇಬಾರದು. ಆದ್ರೆ ನೀವೊಬ್ರೇ ಅಂದಿದ್ರಲ್ಲ, ನಿಮಗೆ ಅಸ್ತಮಾ ಇದೆಯಾ?’ ಎಂದರು. ‘ನನಗಲ್ಲ, ನಮ್ಮತ್ತೆಗೆ’ ಎಂದೆ. ‘ಮೊದಲು ಒಳಗೆ ಹೋಗಿ ಡಾಕ್ಟ್ರಿಗೆ ಹೇಳಿ’ ಎಂದರು.

ಒಳಗೆ ಹೋದೆ. ಬೆಂಚಿನ ಮೇಲೆ ಸೋಮವಾರದ ಭಜನೆಗೆ ಬರುವ ಇಬ್ಬರು ಹೆಂಗಸರು ಕೂತಿದ್ದರು. ಅವರಿಗೆ ಕಿವಿ ಚೆನ್ನಾಗಿ ಕೇಳಿಸುತ್ತದೆ. ನನ್ನ ಗಂಡ, ಕಾಂಪೌಂಡರು, ಅತ್ತೆ, ಎಲ್ಲರೂ ಇದ್ದರು. ಇಷ್ಟು ದಿನ ಯಾವ ಮರ್ಯಾದೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಕಾಪಾಡಿದ್ದೆನೋ ಅದನ್ನು ಅಲ್ಲೇ ಬಿಚ್ಚಿದೆ. ‘ಡಾಕ್ಟ್ರೇ, ಅದು ಅರಿಷ್ಟ ಅಲ್ಲ, ವೈನ್. ಕೆಡಬಾರದು ಅಂತ ಅದಕ್ಕೆ ಸಲ್ಫೈಟ್ ಹಾಕಿದೀನಿ. ಜಾಸ್ತೀನೇ ಹಾಕಿದೀನಿ’ ಎಂದೆ. ಡಾಕ್ಟರು ನನ್ನನ್ನು ಬಯ್ಯಲಿಲ್ಲ, ಬಯ್ದಿದ್ದರೆ ಚೆನ್ನಾಗಿತ್ತು. ಸೀದಾ ತಿರುಗಿ ಬೇರೆ ಇಂಜೆಕ್ಷನ್ ತೆಗೆಯಲು ಹೇಳಿದರು. ಸ್ವಲ್ಪ ಹೊತ್ತಿಗೆ ಅತ್ತೆಯ ಭುಜ ಕೆಳಗಿಳಿಯಿತು. ಉಸಿರು ಉಸಿರಿನ ಹಾಗೆ ಕೇಳಿಸತೊಡಗಿತು. ನಾನು ಗೋಡೆ ಹಿಡಿದುಕೊಂಡು ಅತ್ತುಬಿಟ್ಟೆ.

ಅತ್ತೆ ಮಾಸ್ಕನ್ನು ಕೈಯಲ್ಲಿ ಸರಿಸಿ, ‘ಅಳ್ತೀಯ ಯಾಕೆ, ನಂಗೇನು ಗೊತ್ತಿರ್ಲಿಲ್ವೇ’ ಎಂದರು. ‘ಬಾಣಂತನದಾಗೆ ಸೀಸೆಗಟ್ಲೆ ಅರಿಷ್ಟ ಕುಡ್ದಿವ್ನಿ. ಅದರ ರುಚಿ ನಂಗೆ ಗೊತ್ತಿಲ್ವೇ? ನಿನ್ನೆಯಿಂದ ಗಂಧಕದ ವಾಸ್ನೆನೂ ಬತ್ತಿತ್ತು.’

ಈಗ ನಮ್ಮ ಯಜಮಾನರ ಕಡೆ ನೋಡಬೇಕಾಯಿತು. ವೈನ್ ಎಂದಾಗ ಅವರು ಮುಖ ತಗ್ಗಿಸಿದ್ದರು, ಅಷ್ಟೆ. ಗಂಧಕ ಎಂದ ಕೂಡಲೇ ತಲೆ ಎತ್ತಿದರು. ಸಲ್ಫೈಟ್ ಎಂದರೆ ಗಂಧಕದ್ದೇ ಪುಡಿ. ನಮ್ಮ ಮನೆಗೆ ಗಂಧಕ ಎಂದರೆ ಏನೆಂದು ಹೊರಗಿನವರಿಗೆ ತಿಳಿಯುವುದಿಲ್ಲ. ಕಾಯಿಯನ್ನು ಅಟ್ಟದ ಮೇಲೆ ಹತ್ತಿರ ಹತ್ತಿರ ಒಂದು ವರ್ಷ ಒಣಗಲು ಬಿಟ್ಟು, ಒಳಗೆ ಕೊಬ್ಬರಿ ಗಿಟುಕು ಚಿಪ್ಪಿನಿಂದ ತಾನಾಗಿ ಬಿಟ್ಟುಕೊಂಡ ಮೇಲೆ ಸುಲಿದು ಒಡೆಯುವುದು ನಮ್ಮ ಕಡೆಯ ಪದ್ಧತಿ. ಕೊಬ್ಬರಿ ಬೆಳ್ಳಗೆ ಕಾಣಲಿ, ಬೂಸ್ಟು ಹಿಡಿಯದಿರಲಿ ಎಂದು ಕೆಲವರು ಗಂಧಕದ ಹೊಗೆ ಕೊಡುತ್ತಾರೆ. ನಮ್ಮ ಮಾವನವರು ಜೀವವಿರುವ ತನಕ ಅದನ್ನು ಮನೆಯ ಹೊಸ್ತಿಲೊಳಗೆ ಬಿಡಲಿಲ್ಲ. ತಿನ್ನುವ ಪದಾರ್ಥಕ್ಕೆ ಹೊಗೆ ಹಾಕಿ ಮಾರುವುದಕ್ಕಿಂತ ಮಂಡಿ ಮುಚ್ಚುವುದು ವಾಸಿ ಎನ್ನುತ್ತಿದ್ದರಂತೆ. ಆ ಮಾತನ್ನು ಶಂಕರಣ್ಣನವರು ಲಿಂಗದ ಜೊತೆಗೇ ಕಟ್ಟಿಕೊಂಡಿದ್ದಾರೆ. ‘ನಮ್ಮಪ್ಪ ಕೊಬ್ರಿಗೆ ಹಾಕ್ಲಿಲ್ಲ’ ಎಂದರು, ಬಹಳ ನಿಧಾನವಾಗಿ. ‘ನೀನು ಅವ್ವಂಗೆ ಹಾಕ್ದೇನೇ?’

ಮನೆಗೆ ಬಂದ ಮೇಲೆ ಅವರೇ ಎರಡೂ ಜಾಡಿಯನ್ನು ಉರುಳಿಸಿಕೊಂಡು ಹೋಗಿ ಹಿತ್ತಲ ಮೂಲೆಯ ಗುಂಡಿಗೆ ಸುರಿದರು. ತೆಂಗಿನ ಪಾತಿಗೆ ಹಾಕಲಿಲ್ಲ, ಮರಕ್ಕೆ ಏನಾದರೂ ಆದೀತೆಂದು. ಭಜನೆಯ ಹೆಂಗಸರ ಬಾಯಿಂದ ಸುದ್ದಿ ಬೀದಿಯೆಲ್ಲ ಸುತ್ತಿತು. ಆಶ್ಚರ್ಯವೆಂದರೆ ಯಾರೂ ಮುಖ ತಿರುಗಿಸಲಿಲ್ಲ. ಇಬ್ಬರು ಮೂವರು ಹಿತ್ತಲ ಬಾಗಿಲಲ್ಲಿ ಬಂದು, ‘ಆ ಅರಿಷ್ಟ ಹೆಂಗೆ ಮಾಡೋದು ಹೇಳ್ರೀ, ಪುಡಿ ಬ್ಯಾಡ’ ಎಂದು ಪಿಸುಗುಟ್ಟಿದರು.

ಅತ್ತೆ ಚೇತರಿಸಿಕೊಂಡರು. ಅದೇ ಜಗಲಿಯಲ್ಲಿ ಸಂಜೆ ಕೂತಿದ್ದರು. ನಾನು ಒಲೆಯ ಮುಂದಿದ್ದೆ. ಯಾವ ಮುಖ ಇಟ್ಟುಕೊಂಡು ಹೋಗಲಿ? ಅವರೇ ಕರೆದರು. ಹೋಗಿ ಎದುರಿಗೆ ನಿಂತು, ತಡೆದುಕೊಂಡಿದ್ದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಸಲೋಮಿ ಮಿಸ್ ಕಾಲು ಚಮಚ ಎಂದದ್ದು, ನಾನು ಪೊಟ್ಟಣ ಬಗ್ಗಿಸಿದ್ದು, ನಿಮ್ಮ ಮರ್ಯಾದೆಗೆಂದು ಸುಳ್ಳು ಹೇಳಿದ್ದು, ಗೊತ್ತಿದ್ದೂ ನೀವು ಯಾಕೆ ಕುಡಿದಿರಿ, ಒಂದು ಮಾತು ಬೇಡ ಅನ್ನಬಾರದಿತ್ತೇ, ನಿಮಗೇನಾದರೂ ಆಗಿದ್ದರೆ ನನ್ನ ಗತಿ ಏನು, ಇನ್ನು ಮುಂದೆ ಶುಂಠಿ ಕಷಾಯ ಮಾಡಿಕೊಡುತ್ತೇನೆ, ಆದರೆ ಕಷಾಯ ಕುಡಿದರೆ ನಿಮಗೆ ಹಾಗೆ ಮಾತು ಬರುತ್ತದೆಯೋ ಇಲ್ಲವೋ, ಅರಿಷ್ಟ ಹೋದದ್ದಕ್ಕೆ ನನಗೆ ದುಃಖವಿಲ್ಲ, ನೀವು ಬಾಯಿ ಬಿಟ್ಟು ನಾಲ್ಕು ಮಾತಾಡುತ್ತಿದ್ದಿರಲ್ಲ, ಅದು ಹೋಯಿತಲ್ಲ ಎಂದೇ ದುಃಖ, ಹೀಗೆ.

ಅತ್ತೆ ಪೂರ್ತಿ ಕೇಳಿದರು. ‘ಆಯ್ತಾ?’ ಎಂದರು.

ಆಯಿತು ಎಂದೆ.

‘ಅದು ಕುಡುದ್ರೆ ನಂಗೆ ಮಾತು ಬತ್ತಿತ್ತು ಅಂದ್ಕಂಡಿದೀಯಾ? ನಂಗೆ ಮಾತು ಯಾವಾಗ್ಲೂ ಇತ್ತು ಕಣೇ. ಅದು ಕುಡುದ್ರೆ ನೀನು ಸುಮ್ಕಿರ್ತಿದ್ದೆ. ಬ್ಯಾಡ ಅಂದಿದ್ರೆ ಎದ್ದು ಒಲೆ ಮುಂದಕ್ಕೆ ಹೋಗಿ ಮತ್ತೆ ಸುರು ಮಾಡ್ತಿದ್ದೆ. ಅದಕ್ಕೇಯ ಕುಡ್ದೆ.’

ನನಗೆ ಇದಕ್ಕೆ ಹೇಳಲು ಬಹಳವಿತ್ತು. ಇಷ್ಟು ವರ್ಷ ಅವರ ಒಂಟಿತನ ಕಳೆಯಲೆಂದೇ ನಾನು ಮಾತಾಡಿದ್ದು, ಹೂಂ ಎನ್ನುವವರಿಗೆ ಇನ್ನೇನು ಮಾಡಬೇಕಿತ್ತು, ಹೇಳಿದ್ದರೆ ನಿಲ್ಲಿಸುತ್ತಿರಲಿಲ್ಲವೇ, ಹೇಳುವುದಕ್ಕಾದರೂ ಬಾಯಿ ಬಿಡಬೇಡವೇ ಎಂದೆಲ್ಲ ನಾಲಗೆಯ ತುದಿಗೆ ಬಂದು ನಿಂತಿತು. ಬಾಯಿ ತೆರೆದೆ. ಅತ್ತೆ ನನ್ನನ್ನೇ ನೋಡುತ್ತಿದ್ದರು. ಮುಚ್ಚಿಕೊಂಡು ಅವರ ಪಕ್ಕದಲ್ಲಿ ಕೂತೆ. ಬಹಳ ಕಷ್ಟವಾಯಿತು.